ಇಬ್ಬರನ್ನು ಒಬ್ಬರಾಗಿಸುವ ಮುನ್ನ

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ವಿಚಾರ)

ಈ ಬರಹದ ಶಿರೋನಾಮೆಯನ್ನು ಕಂಡು, ಇದಾವುದೋ ಮದುವೆಯ ವಿಷಯವಿರಬೇಕೆಂದು ನನ್ನ ಸಹಪಾಠಿಗಳು ಪುಟ ಮಗುಚಿ ಇಲ್ಲಿಗೆ ಬಂದಿದ್ದರೆ ಅವರಿಗೆ ನಿರಾಶೆಯಾಗುವುದು ಖಂಡಿತ. ಇದು ಮದುವೆಯ ಮಾತಲ್ಲ, ಲೆಕ್ಕದ ಮಾತು. ಕಂಪ್ಯೂಟರಿನಲ್ಲಿ ಗ್ರಾಹಕರ ಹೆಸರುಗಳನ್ನು ಬರೆದಿಡುವಾಗ ಒಬ್ಬನೇ ಮನುಷ್ಯನು ಇಬ್ಬರಾಗಿ ಕಾಣುವುದೂ ಉಂಟು, ಇಬ್ಬರು ಮನುಷ್ಯರು ಒಬ್ಬನಾಗಿ ಕಾಣುವುದೂ ಉಂಟು. ಮೊದಲನೆಯದು ತೊಂದರೆ, ಎರಡನೆಯದು ಅನ್ಯಾಯ. ಇವೆರಡರ ನಡುವಣ ಅಂತರವನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಒಬ್ಬ ಹಿರಿಯ ರೈತರು ನಾಲ್ಕು ಜನರೆದುರು ತಲೆ ತಗ್ಗಿಸುವಂತೆ ಮಾಡಿ ಕಲಿತೆ. ಆ ಕಥೆಯನ್ನು ಹೇಳುವುದಕ್ಕೆ ಮುಂಚೆ ಹಿನ್ನೆಲೆಯನ್ನು ಸ್ವಲ್ಪ ವಿವರಿಸಬೇಕಾಗಿದೆ. ವಾಚಕರು ತಾಳ್ಮೆಯಿಂದ ಓದಬೇಕೆಂದು ಬಿನ್ನಹ.

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಹಾಸನ ಪಟ್ಟಣದ ಒಂದು ಹನಿ ನೀರಾವರಿ ಸಾಮಾನಿನ ಅಂಗಡಿಯಲ್ಲಿ ಗುಮಾಸ್ತೆಯ ಕೆಲಸ ಮಾಡಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಪರೀಕ್ಷೆಯ ಶುಲ್ಕಕ್ಕೆ ಒಂದಿಷ್ಟು ಹಣ ಬೇಕಾಗಿತ್ತು. ಅಂಗಡಿಗೆ ಚನ್ನರಾಯಪಟ್ಟಣದ ಕಡೆಯಿಂದ ತೆಂಗಿನ ತೋಟದವರು, ಅರಕಲಗೂಡು ಮತ್ತು ಹೊಳೆನರಸೀಪುರದ ಕಡೆಯಿಂದ ತರಕಾರಿ ಬೆಳೆಯುವವರು ಬರುತ್ತಿದ್ದರು. ಬೆಲೆಪಟ್ಟಿ, ಬಿಲ್ಲು, ಸಹಾಯಧನದ ಕಾಗದ, ದೂರು ಮುಂತಾದುವೆಲ್ಲ ಇಮೇಲ್ ಮೂಲಕವೇ ಓಡಾಡುತ್ತಿದ್ದವು. ಹಳೆಯ ಉದ್ದನೆಯ ಲೆಕ್ಕದ ಪುಸ್ತಕಗಳನ್ನು ಬದಿಗಿಟ್ಟು, ಮಾಲೀಕರು ಹೊಸದಾಗಿ ಒಂದು ತಂತ್ರಾಂಶವನ್ನು ಹಾಕಿಸಿದ್ದರು. ಅದಕ್ಕೆ ಸಿ.ಆರ್.ಎಂ. ಎಂದು ಹೆಸರು, ಗ್ರಾಹಕರೊಡನೆ ಸಂಬಂಧವನ್ನು ಕಾಪಾಡಿಕೊಳ್ಳುವ ತಂತ್ರಾಂಶವೆಂದು ಅದರ ಅರ್ಥ. ಅಮೆರಿಕದ ಸೇಲ್ಸ್‌ಫೋರ್ಸ್, ಹಬ್‌ಸ್ಪಾಟ್, ನೆರೆಯ ಚೆನ್ನೈಯ ಜೋಹೋ ಮುಂತಾದ ಸಂಸ್ಥೆಗಳು ಇಂಥವನ್ನು ತಯಾರಿಸುತ್ತವೆ. ಒಬ್ಬೊಬ್ಬ ಗ್ರಾಹಕನಿಗೆ ಒಂದೊಂದು ಪುಟ. ಆ ಪುಟದಲ್ಲಿ ಅವನ ಹೆಸರು, ಊರು, ದೂರವಾಣಿ, ಇಮೇಲ್ ವಿಳಾಸ, ಕೊಂಡದ್ದು, ಕೊಟ್ಟದ್ದು, ಬಾಕಿ ಉಳಿದದ್ದು.

ಈ ಪುಸ್ತಕಕ್ಕೂ ಅಂಗಡಿಯ ಇಮೇಲ್ ಪೆಟ್ಟಿಗೆಗೂ ಒಂದು ಕಾಲುವೆ ತೋಡಿದಂತೆ ಸಂಪರ್ಕ ಕಲ್ಪಿಸಿರುತ್ತಾರೆ. ಇದಕ್ಕೆ ಸಿಂಕ್ ಎನ್ನುತ್ತಾರೆ. ಪತ್ರ ಬಂದೊಡನೆ ತಂತ್ರಾಂಶವು ಕಳುಹಿಸಿದವರ ವಿಳಾಸವನ್ನು ನೋಡುತ್ತದೆ. ಆ ವಿಳಾಸವು ಯಾರ ಪುಟದಲ್ಲಾದರೂ ಇದ್ದರೆ ಪತ್ರವನ್ನು ಅಲ್ಲಿಗೆ ಅಂಟಿಸುತ್ತದೆ. ಇಲ್ಲವಾದರೆ, ಅನೇಕ ತಂತ್ರಾಂಶಗಳು ತಾವೇ ಒಂದು ಹೊಸ ಪುಟ ತೆರೆದುಬಿಡುತ್ತವೆ. ತಂದೆಯ ಹೆಸರಿನಲ್ಲಿ ಪೈಪು ಕೊಂಡು, ಮಗನ ಮೊಬೈಲಿನಿಂದ ಪತ್ರ ಬರೆದರೆ ಮುಗಿಯಿತು. ಒಂದು ಮನೆಗೆ ಎರಡು ಪುಟ. ಮಗನ ತಂಗಿ ತನ್ನ ಕಾಲೇಜಿನ ವಿಳಾಸದಿಂದ ಇನ್ನೊಂದು ಪತ್ರ ಹಾಕಿದರೆ ಮೂರನೆಯ ಪುಟ. ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ತೆಂಗಿನ ತೋಟಕ್ಕೆ ನಾವು ಇದೇ ಕಾರಣದಿಂದ ಒಂದೇ ಫಿಲ್ಟರನ್ನು ಎರಡು ಸಲ ಕಳುಹಿಸಿದೆವು. ಮೊದಲ ಸಲ ಕಳುಹಿಸಿದ ಸಂಗತಿ ಒಂದು ಪುಟದಲ್ಲಿದ್ದರೆ, ‘ಇನ್ನೂ ಬರಲಿಲ್ಲ’ ಎಂಬ ಹಳೆಯ ಪತ್ರ ಇನ್ನೊಂದು ಪುಟದಲ್ಲಿ ಕುಳಿತಿತ್ತು. ತೋಟದವರು ಪ್ರಾಮಾಣಿಕರು, ನಗುತ್ತಾ ಹಿಂದಕ್ಕೆ ತಂದುಕೊಟ್ಟರು.

ಇಂಥ ಜೋಡಿ ಪುಟಗಳನ್ನು ಒಂದಾಗಿಸಲು ತಂತ್ರಾಂಶದಲ್ಲಿ ಮರ್ಜ್ ಎಂಬ ಗುಂಡಿ ಇದೆ. ಅದನ್ನು ಒತ್ತಿದರೆ ಎರಡು ಪುಟಗಳ ಪತ್ರಗಳೂ ಲೆಕ್ಕಗಳೂ ಒಂದರಲ್ಲಿ ಸೇರುತ್ತವೆ; ಇನ್ನೊಂದು ಪುಟ ಮಾಯವಾಗುತ್ತದೆ. ಸೇಲ್ಸ್‌ಫೋರ್ಸಿನಲ್ಲಿ ಮೂರು ಪುಟಗಳವರೆಗೆ ಒಂದೇ ಸಲ ಕೂಡಿಸಬಹುದು. ಹಬ್‌ಸ್ಪಾಟಿನಲ್ಲಿಯಾದರೋ ಇಮೇಲ್ ವಿಳಾಸವೇ ಗ್ರಾಹಕನ ಮುಖ್ಯ ಗುರುತು. ಒಂದೇ ವಿಳಾಸವನ್ನು ಇಬ್ಬರ ಪುಟಗಳಲ್ಲಿ ಬರೆಯಲು ಅದು ಬಿಡುವುದಿಲ್ಲ. ಮಾಯವಾದ ಪುಟದ ವಿಳಾಸವನ್ನು ಉಳಿದ ಪುಟದಲ್ಲಿ ಎರಡನೆಯ ವಿಳಾಸವಾಗಿ ಬರೆದಿಡದಿದ್ದರೆ, ಮುಂದಿನ ಪತ್ರ ಬಂದಾಗ ಅದೇ ಪುಟವು ಮತ್ತೆ ಹುಟ್ಟುವುದೂ ಉಂಟು. ನನಗೆ ಮಾಲೀಕರು ವಹಿಸಿದ್ದ ಕೆಲಸ ಇದೇ: ಜೋಡಿಗಳನ್ನು ಹುಡುಕಿ ಕೂಡಿಸುವುದು.

ಇಲ್ಲಿ ನಮ್ಮ ಜಿಲ್ಲೆಯ ಹೆಸರುಗಳ ವಿಚಾರವನ್ನು ಸ್ವಲ್ಪ ಆಲೋಚಿಸಬೇಕು. ಈ ತಂತ್ರಾಂಶಗಳನ್ನು ರಚಿಸಿದವರು ಪ್ರತಿಯೊಬ್ಬ ಮನುಷ್ಯನಿಗೂ ಒಂದು ಮೊದಲ ಹೆಸರು, ಒಂದು ಕೊನೆಯ ಹೆಸರು ಇರುತ್ತದೆಂದು ಭಾವಿಸಿದ್ದಾರೆ. ನಮ್ಮಲ್ಲಿ ಹಾಗಿಲ್ಲ. ಊರಿನ ಹೆಸರು, ತಂದೆಯ ಹೆಸರು, ಆಮೇಲೆ ತನ್ನ ಹೆಸರು—ಇದು ನಮ್ಮ ಕ್ರಮ. 1996–97ರಲ್ಲಿ ಭಾರತದ ಪ್ರಧಾನಿಗಳಾಗಿದ್ದ ಶ್ರೀ ಎಚ್. ಡಿ. ದೇವೇಗೌಡರ ಹೆಸರಿನ ಮುಂದಿರುವ ‘ಎಚ್’ ಎಂಬುದು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ. ‘ಡಿ’ ಎಂಬುದು ಅವರ ತಂದೆ ದೊಡ್ಡೇಗೌಡರು. 2025ರಲ್ಲಿ ನಮ್ಮನ್ನಗಲಿದ ಎಸ್. ಎಲ್. ಭೈರಪ್ಪನವರ ‘ಎಸ್’ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ, ‘ಎಲ್’ ಲಿಂಗಣ್ಣಯ್ಯ. ಅ.ನ.ಕೃ. ಅವರ ‘ಅ’ ಎಂಬುದು ಅರಕಲಗೂಡು. ಕನ್ನಡಿಗರಿಗೆ ಅ.ನ.ಕೃ., ಎ. ಎನ್. ಕೃಷ್ಣರಾವ್ ಎಂಬೆರಡೂ ಒಬ್ಬರೇ ಎಂದು ಹೇಳಿಕೊಡಬೇಕಾಗಿಲ್ಲ. ಯಂತ್ರಕ್ಕೆ ಅವರಿಬ್ಬರೂ ಬೇರೆ. ‘ದೇವೇಗೌಡ’ ಎಂಬುದು ಕನ್ನಡದಲ್ಲಿ ಒಂದೇ ಪದ. ಇಂಗ್ಲಿಷಿಗೆ ಹೋದಾಗ ಎರಡು ತುಂಡಾಗುತ್ತದೆ. ಆಗ ಯಂತ್ರವು ‘ಗೌಡ’ ಎಂಬುದನ್ನು ಮನೆತನದ ಹೆಸರೆಂದು ಬಗೆದು, ನಮ್ಮ ಜಿಲ್ಲೆಯ ಅರ್ಧ ಜನರನ್ನು ಒಂದೇ ಮನೆಯವರೆಂದು ತಿಳಿದರೂ ಆಶ್ಚರ್ಯವಿಲ್ಲ.

ಬರೆಯುವ ರೀತಿಯಲ್ಲಿಯೂ ತೊಡಕುಗಳಿವೆ. ಇಂಗ್ಲಿಷಿನಲ್ಲಿ ಗೌಡ ಎಂಬುದನ್ನು ಕೆಲವರು ಡಬ್ಲ್ಯು ಹಾಕಿ ಬರೆಯುತ್ತಾರೆ, ಕೆಲವರು ಯು ಹಾಕಿ ಬರೆಯುತ್ತಾರೆ. ಲಕ್ಷ್ಮಿ ಎಂಬುದಕ್ಕೆ ಕೆಲವರು ಎಕ್ಸ್ ಅಕ್ಷರವನ್ನು ಉಪಯೋಗಿಸುತ್ತಾರೆ. ಕನ್ನಡದಲ್ಲಿಯೇ ಬರೆದರಾದರೂ ಕ್ಷೇಮವೆನ್ನೋಣವೆಂದರೆ ಅದೂ ಇಲ್ಲ. ‘ಹೊಳೆನರಸೀಪುರ’ದ ಮೊದಲಕ್ಷರವಾದ ‘ಹೊ’ ಎಂಬುದನ್ನು ಯೂನಿಕೋಡಿನಲ್ಲಿ ಒತ್ವದ ಒಂದೇ ಸಂಕೇತದಿಂದಲೂ ಬರೆಯಬಹುದು. ಎತ್ವದ ಸಂಕೇತ, ಊತ್ವದ ಸಂಕೇತ ಎಂಬ ಎರಡನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮೊದಲೇ ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳದ ತಂತ್ರಾಂಶಕ್ಕೆ ಮಾತ್ರ ಅವು ಎರಡು ಊರುಗಳು!

ಹೆಸರು ಇಷ್ಟು ಚಂಚಲವಾದುದರಿಂದಲೇ ತಂತ್ರಾಂಶದವರು ಇಮೇಲ್ ವಿಳಾಸವನ್ನು ನಂಬಿದರು. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಅಮೆರಿಕದ ಎಂಜಿನಿಯರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳುಹಿಸುವಾಗ ಹೆಸರಿಗೂ ಯಂತ್ರಕ್ಕೂ ನಡುವೆ ‘ಅಟ್’ ಚಿಹ್ನೆಯನ್ನು ಇಟ್ಟರು. ಅಂದಿನಿಂದ ಒಂದು ವಿಳಾಸವು ಜಗತ್ತಿನಲ್ಲಿ ಒಂದೇ ಪೆಟ್ಟಿಗೆಯನ್ನು ಸೂಚಿಸುತ್ತದೆ. ಜಿಮೇಲಿನಲ್ಲಿ ಹೆಸರಿನ ನಡುವೆ ಚುಕ್ಕೆ ಇಟ್ಟರೂ ಬಿಟ್ಟರೂ ಪತ್ರ ಒಂದೇ ಪೆಟ್ಟಿಗೆಗೆ ಹೋಗುತ್ತದೆ ಎಂಬುದನ್ನರಿಯದ ತಂತ್ರಾಂಶ ಅಲ್ಲಿಯೂ ಎರಡು ಪುಟ ತೆರೆದೀತು. ಅದು ಸಣ್ಣ ಮಾತು. ದೊಡ್ಡ ಮಾತು ಬೇರೆ ಇದೆ. ಒಂದು ವಿಳಾಸ ಒಂದು ಪೆಟ್ಟಿಗೆಯನ್ನು ಸೂಚಿಸುತ್ತದೆಯೇ ಹೊರತು ಒಬ್ಬ ಮನುಷ್ಯನನ್ನಲ್ಲ. ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ ರೈತರಿಗೆ ಸ್ವಂತ ಇಮೇಲ್ ಇದೆ? ಅರ್ಜಿಯಲ್ಲಿ ಆ ಜಾಗ ಖಾಲಿ ಬಿಡುವಂತಿಲ್ಲವೆಂದು ಕಂಪ್ಯೂಟರ್ ಅಂಗಡಿಯವರು ತಮ್ಮ ವಿಳಾಸವನ್ನೇ ತುಂಬುತ್ತಾರೆ. ಅವರನ್ನು ದೂಷಿಸಿ ಫಲವಿಲ್ಲ. ನಾನೂ ಅದನ್ನೇ ಮಾಡಿದ್ದೇನೆ. ನಮ್ಮ ಬೀದಿಯ ಹನ್ನೊಂದು ಮನೆಗಳ ಅರ್ಜಿಗಳಲ್ಲಿ ನನ್ನ ವಿಳಾಸವಿದೆ. ಕಂಪ್ಯೂಟರಿನ ಕಣ್ಣಿಗೆ ನಮ್ಮ ಬೀದಿಯೆಲ್ಲ ಸೇರಿ ನಾನೊಬ್ಬನೇ!

ಇನ್ನು ನನ್ನ ತಪ್ಪಿನ ಕಥೆ. ಹೊಳೆನರಸೀಪುರ ಮತ್ತು ಅರಕಲಗೂಡು ತಾಲ್ಲೂಕುಗಳು ಅಕ್ಕಪಕ್ಕದವು. ಗಡಿಯ ಒಂದು ಊರಿನಲ್ಲಿರುವ ಕಂಪ್ಯೂಟರ್ ಅಂಗಡಿಗೆ ಎರಡು ಕಡೆಯವರೂ ಬರುತ್ತಾರೆ. ಅಲ್ಲಿಂದ ನಮ್ಮ ಅಂಗಡಿಗೆ ಇಬ್ಬರು ರೈತರ ಕಾಗದಗಳು ಬಂದಿದ್ದವು. ಇಬ್ಬರ ಹೆಸರೂ ಒಂದೇ. ಹೆಸರಿನ ಮುಂದಣ ಊರಿನ ಅಕ್ಷರವೂ ‘ಎಚ್’ ಎಂದೇ. ವಿಳಾಸ, ಹೇಳಬೇಕಾದುದಿಲ್ಲ, ಕಂಪ್ಯೂಟರ್ ಅಂಗಡಿಯದು. ಮೊಬೈಲ್ ಸಂಖ್ಯೆ ಮಾತ್ರ ಬೇರೆಯಾಗಿತ್ತು. ‘ಇವರಿಬ್ಬರೂ ಒಬ್ಬರೇ ಇರಬಹುದು’ ಎಂದು ತಂತ್ರಾಂಶ ಸೂಚಿಸಿತು. ‘ಇರಬಹುದು’ ಎಂಬ ಮಾತನ್ನು ನಾನು ‘ಇದ್ದಾರೆ’ ಎಂದು ಓದಿಕೊಂಡೆ. ಸಿಮ್ಮು ಬದಲಾಯಿಸಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಗುಂಡಿ ಒತ್ತಿದೆ. ಆ ದಿನ ನಲವತ್ತು ಜೋಡಿಗಳನ್ನು ಕೂಡಿಸಿ, ಮಾಲೀಕರಿಂದ ಭೇಷ್ ಎನ್ನಿಸಿಕೊಂಡೆ.

ಮೂರು ವಾರಗಳ ಬಳಿಕ ಅವರಲ್ಲೊಬ್ಬರು, ಅರಕಲಗೂಡು ಕಡೆಯ ಹಿರಿಯರು, ಎರಡು ಸುರುಳಿ ಪೈಪು ಕೊಳ್ಳಲು ಬಂದರು. ಅಂಗಡಿ ತುಂಬ ಜನ. ನಾನು ಪರದೆಯನ್ನು ನೋಡಿ, “ಗೌಡ್ರೇ, ಹಿಂದಿನ ಬಾಕಿ ಹನ್ನೊಂದು ಸಾವಿರದ ನಾನೂರು ಇದೆ, ಅದನ್ನ ತೀರಿಸಿ” ಎಂದೆ. ಅವರ ಮುಖ ಕಪ್ಪಿಟ್ಟಿತು. ಪಕ್ಕದಲ್ಲಿ ಅವರ ಬೀಗರ ಊರಿನವರು ನಿಂತಿದ್ದರು.

“ನಾನು ಬಾಕಿ ಮಡಿಕ್ಕಂಡೋನಲ್ಲ ಕಣಪ್ಪ” ಎಂದರು.

“ಕಂಪ್ಯೂಟರಲ್ಲಿ ಇದೆಯಲ್ಲ” ಎಂದೆ. ಈ ಮಾತನ್ನು ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಅವರು ಏನೂ ಜಗಳವಾಡಲಿಲ್ಲ. ಹೊರಗೆ ಹೋಗಿ, ಊರಿಗೆ ಬಸ್ಸು ಹತ್ತಿ, ಮರುದಿನ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ರಸೀದಿಗಳನ್ನೆಲ್ಲ ತಂದು ಮೇಜಿನ ಮೇಲೆ ಹರಡಿದರು. ಒಂದು ರೂಪಾಯಿ ಬಾಕಿ ಇರಲಿಲ್ಲ. ಬಾಕಿ ಇದ್ದದ್ದು ಹೊಳೆನರಸೀಪುರ ಕಡೆಯವರದು. ಅವರಾದರೂ ಬೇಕೆಂದು ಉಳಿಸಿಕೊಂಡಿರಲಿಲ್ಲ. ಫಿಲ್ಟರು ಸೋರುತ್ತಿದೆಯೆಂದು ಎರಡು ಪತ್ರ ಬರೆಸಿ, ಉತ್ತರಕ್ಕಾಗಿ ಕಾಯುತ್ತಿದ್ದರು. ಆ ದೂರಿಗೆ ನಾವು ಉತ್ತರ ಕೊಟ್ಟಿದ್ದೆವು—ಇನ್ನೊಬ್ಬರ ಸಂಖ್ಯೆಗೆ! ಹೀಗೆ ಒಂದು ಗುಂಡಿಯಿಂದ ಇಬ್ಬರಿಗೆ ಅನ್ಯಾಯವಾಯಿತು. ಒಬ್ಬರ ಮಾನ ಹೋಯಿತು. ಇನ್ನೊಬ್ಬರ ಮೊರೆ ಕೇಳದೆ ಹೋಯಿತು. ಮಾಲೀಕರು ಕೈಮುಗಿದರು, ನಾನೂ ಮುಗಿದೆ. ಹಿರಿಯರು ಹೊರಡುವಾಗ, “ಮಗಾ, ನಮ್ಮೂರಲ್ಲೇ ನನ್ನ ಹೆಸರಿನೋರು ನಾಕು ಜನ ಅವ್ರೆ. ಮೇಗಲಮನೆ, ಕೆಳಗಲಮನೆ ಅಂತ ಕರೀತಾರೆ. ಒಂದು ದಿನವೂ ಯಾರೂ ತಪ್ಪು ತಿಳ್ಕಂಡಿಲ್ಲ” ಎಂದರು. ಅವರು ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಕೂಡಿಸಿದ್ದನ್ನು ಬಿಡಿಸಲು ನಮ್ಮ ತಂತ್ರಾಂಶದಲ್ಲಿ ಗುಂಡಿ ಇರಲಿಲ್ಲ. ಎರಡು ದಿನ ಕುಳಿತು, ಒಂದೊಂದು ಪತ್ರವನ್ನೂ ಓದಿ, ಇದು ಇವರದು, ಅದು ಅವರದು ಎಂದು ವಿಂಗಡಿಸಿದೆ. ಕಣದಲ್ಲಿ ರಾಗಿಯೂ ಹುರುಳಿಯೂ ಬೆರೆತರೆ ಜರಡಿ ಹಿಡಿದು ಬೇರೆ ಮಾಡಬಹುದು. ಎರಡು ಮನೆಯ ರಾಗಿ ಒಂದು ರಾಶಿಗೆ ಬಿದ್ದರೆ ಯಾವ ಜರಡಿಯೂ ಬೇರೆ ಮಾಡಲಾರದೆಂಬುದು ಅಂದು ನನಗೆ ಚೆನ್ನಾಗಿ ಮನವರಿಕೆಯಾಯಿತು.

ಇದನ್ನು ಕೇಳಿದ ಮಿತ್ರರೊಬ್ಬರು, “ಹಾಗಾದರೆ ಜೋಡಿಗಳನ್ನು ಹಾಗೆಯೇ ಬಿಡಬೇಕೆನ್ನುತ್ತೀಯಾ? ಒಬ್ಬನಿಗೆ ಮೂರು ಪುಟವಿದ್ದರೆ ವ್ಯಾಪಾರ ನಡೆಯುವುದು ಹೇಗೆ?” ಎಂದು ಆಕ್ಷೇಪಿಸಿದರು. ಅವರ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಎರಡು ಸಲ ಹೋದ ಫಿಲ್ಟರಿನ ಕಥೆಯನ್ನು ನಾನೇ ಹೇಳಿದ್ದೇನೆ. ಪುಟಗಳು ಚದುರಿದ್ದರೆ ರೈತನ ಹಳೆಯ ದೂರು ಯಾರಿಗೂ ಕಾಣುವುದಿಲ್ಲ. ಒಬ್ಬನಿಗೇ ಮೂವರು ಗುಮಾಸ್ತರು ಫೋನು ಮಾಡಿ ಬೇಸರಪಡಿಸುತ್ತಾರೆ. ಆದರೆ ಎರಡು ತಪ್ಪುಗಳೂ ಒಂದೇ ತೂಕದವಲ್ಲ. ಒಬ್ಬನು ಇಬ್ಬರಾಗಿ ಕಂಡರೆ ನಷ್ಟ ಬಹುಮಟ್ಟಿಗೆ ಅಂಗಡಿಯದು. ಗೊತ್ತಾದ ದಿನ ಕೂಡಿಸಿದರಾಯಿತು. ಇಬ್ಬರು ಒಬ್ಬರಾದರೆ ನಷ್ಟ ಅವರದು. ಗೊತ್ತಾಗುವುದು ಅವರು ಬಂದು ಮೇಜಿನ ಮುಂದೆ ನಿಂತಾಗಲೇ. ರಸೀದಿಯನ್ನು ಜೋಪಾನ ಮಾಡದ ಬಡವನಾಗಿದ್ದರೆ ಏನು ಗತಿ?

ಈ ತೊಡಕು ಇಂದಿನದಲ್ಲ, ನಮ್ಮ ದೇಶದ್ದು ಮಾತ್ರವೂ ಅಲ್ಲ. ಅಮೆರಿಕದಲ್ಲಿ 1918ರಲ್ಲಿಯೇ ರಾಬರ್ಟ್ ರಸೆಲ್ ಎಂಬವರು ಹೆಸರುಗಳನ್ನು ಅಕ್ಷರದಿಂದಲ್ಲದೆ ಧ್ವನಿಯಿಂದ ಗುಂಪು ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಸೌಂಡೆಕ್ಸ್ ಎಂದು ಅದಕ್ಕೆ ಹೆಸರು. ಅದರ ಪ್ರಕಾರ ಡಬ್ಲ್ಯುವಿನ ಗೌಡರೂ ಯುವಿನ ಗೌಡರೂ ಒಂದೇ ಗುಂಪಿಗೆ ಬೀಳುತ್ತಾರೆ. ಎಕ್ಸಿನ ಲಕ್ಷ್ಮಿಯೂ ಉಳಿದ ಲಕ್ಷ್ಮಿಯರ ಜೊತೆ ಸೇರುತ್ತಾಳೆ. ಇದು ಹುಡುಕುವುದಕ್ಕೆ ಒಳ್ಳೆಯದು, ತೀರ್ಮಾನಿಸುವುದಕ್ಕೆ ಸಾಲದು. 1969ರಲ್ಲಿ ಕೆನಡಾದ ಅಂಕಿಸಂಖ್ಯಾಶಾಸ್ತ್ರಜ್ಞರಾದ ಇವಾನ್ ಫೆಲೆಗಿ ಮತ್ತು ಆಲನ್ ಸಂಟರ್ ಎಂಬವರು ದಾಖಲೆಗಳನ್ನು ಜೋಡಿಸುವ ಶಾಸ್ತ್ರಕ್ಕೆ ಗಣಿತದ ತಳಹದಿ ಹಾಕಿದರು. ಅವರು ಮಾಡಿದ ರಾಶಿಗಳು ಎರಡಲ್ಲ, ಮೂರು: ಒಬ್ಬರೇ ಎನ್ನಬಹುದಾದವರು, ಬೇರೆ ಎನ್ನಬಹುದಾದವರು, ಸಂದೇಹವಿರುವವರು. ಮೂರನೆಯ ರಾಶಿಯನ್ನು ಮನುಷ್ಯನು ಕಣ್ಣಿಟ್ಟು ಪರೀಕ್ಷಿಸಬೇಕೆಂದು ಬಿಟ್ಟರು. ಅಷ್ಟು ದೊಡ್ಡ ವಿದ್ವಾಂಸರು ಸಂದೇಹಕ್ಕೆ ಒಂದು ಸ್ಥಾನ ಕೊಟ್ಟಿರುವಾಗ, ರಜೆಯ ಗುಮಾಸ್ತನಾದ ನಾನು ಆ ರಾಶಿಯನ್ನೇ ಇಲ್ಲವೆನಿಸಿದ್ದೆ!

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಇಮೇಲ್ ಒಂದೇ ಎಂಬ ಕಾರಣದಿಂದ ಎಂದಿಗೂ ಎರಡು ಪುಟಗಳನ್ನು ಕೂಡಿಸಬಾರದು; ಊರು, ತಂದೆಯ ಹೆಸರು, ಮೊಬೈಲ್ ಸಂಖ್ಯೆ ಇವುಗಳಲ್ಲಿ ಎರಡಾದರೂ ಹೊಂದಬೇಕು. ಹುಟ್ಟಿದ ದಿನವನ್ನು ನೆಚ್ಚಿಕೊಳ್ಳುವಂತಿಲ್ಲ. ನಮ್ಮೂರಿನ ಅನೇಕ ಹಿರಿಯರು ಕಾಗದದ ಮೇಲೆ ಜನವರಿ 1ರಂದೇ ಹುಟ್ಟಿದವರು. ಸಂದೇಹವಿದ್ದರೆ ಒಂದು ಫೋನು ಮಾಡಿ ಕೇಳಬೇಕು. ಕೂಡಿಸುವ ಮೊದಲು ಎರಡೂ ಪುಟಗಳ ಪ್ರತಿಯನ್ನು ತೆಗೆದಿಡಬೇಕು. ಯಾರು, ಯಾವಾಗ, ಯಾವ ಆಧಾರದ ಮೇಲೆ ಕೂಡಿಸಿದರೆಂದು ಬರೆದಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗ್ರಾಹಕನು “ಇದು ನನ್ನದಲ್ಲ” ಎಂದಾಗ ಅವನ ಮಾತನ್ನೇ ಮೊದಲು ನಂಬಿ, ಯಂತ್ರವನ್ನು ಆಮೇಲೆ ವಿಚಾರಿಸಬೇಕು.

ಇದು ಪೈಪಿನ ಅಂಗಡಿಯ ಮಾತು ಮಾತ್ರವಲ್ಲ. ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಒಂದು, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಎಂದು ಅಲೆಯುವವರನ್ನು ನಾವೆಲ್ಲರೂ ಕಂಡಿದ್ದೇವೆ. ಇನ್ನು ಮುಂದೆ ದಾಖಲೆಗಳೆಲ್ಲ ಒಂದರೊಡನೊಂದು ಕೂಡುವ ಕಾಲ. ಆ ಕೂಡಿಸುವ ಮೇಜುಗಳ ಮುಂದೆ ನಾಳೆ ಕುಳಿತುಕೊಳ್ಳುವವರು ಬೇರೆ ಯಾರೂ ಅಲ್ಲ; ಈ ಕಾಲೇಜಿನಿಂದ ಪದವಿ ಪಡೆದು ಹೊರಡುವ ನಾವೇ. ಮನೆಗೆ ಮೊದಲ ಪದವೀಧರರಾದ ನಮ್ಮಂಥವರ ಮೇಲೆ ಇನ್ನೊಂದು ಹೊಣೆಯೂ ಇದೆ. ಊರಿನವರ ಅರ್ಜಿಗಳನ್ನು ತುಂಬುವವರು ನಾವು. ನಮ್ಮ ವಿಳಾಸವನ್ನು ತುಂಬಿ ಕೈ ತೊಳೆದುಕೊಳ್ಳುವ ಬದಲು, ಮನೆಗೊಂದು ವಿಳಾಸ ಮಾಡಿಕೊಟ್ಟು, ಗುಪ್ತಪದವನ್ನು ಅವರ ಕೈಯಲ್ಲೇ ಬರೆದುಕೊಟ್ಟು, ಹೆಸರನ್ನು ಎಲ್ಲ ಕಡೆಯೂ ಒಂದೇ ರೀತಿ ಬರೆಯೋಣ. ನಾನು ಈ ಆರು ತಿಂಗಳಲ್ಲಿ ಹನ್ನೊಂದರಲ್ಲಿ ಏಳು ಮನೆಗಳಿಗೆ ಮಾಡಿಕೊಟ್ಟಿದ್ದೇನೆ.

ಈ ಪ್ರಸಂಗವನ್ನು ಮನೆಯಲ್ಲಿ ಹೇಳಿದಾಗ ನನ್ನ ತಂದೆಯವರು ಮೊದಲು ಕೇಳಿದ್ದು, “ಅವರದು ಯಾವೂರು? ಯಾರ ಮಗ?” ಎಂದು. ಅವರಿಗೆ ಓದು ಬಾರದು. ಹೊಸಬರನ್ನು ಕಂಡೊಡನೆ ಊರು, ತಂದೆ ಎಂದು ಕೇಳುವ ಈ ಅಭ್ಯಾಸವನ್ನು ನಾನು ಹಳ್ಳಿಯ ಒರಟುತನವೆಂದು ಭಾವಿಸಿದ್ದೆ. ಅದರ ಬೆನ್ನಿಗೆ ಕೆಲವರು ಜಾತಿಯನ್ನೂ ಕೇಳುವುದುಂಟು, ಅದು ಬೇಡ. ಆದರೆ ಒಬ್ಬ ಮನುಷ್ಯನನ್ನು ಇನ್ನೊಬ್ಬನೆಂದು ತಪ್ಪು ತಿಳಿಯಬಾರದೆಂಬ ಎಚ್ಚರ ಆ ಪ್ರಶ್ನೆಯಲ್ಲಿದೆ. ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದರು. ಪರದೆಯ ಮೇಲೆ ಕಂಡದ್ದಕ್ಕಂತೂ ಈ ಮಾತು ಇಮ್ಮಡಿಯಾಗಿ ಸಲ್ಲುತ್ತದೆ.